ಹೆಬ್ಬೆರಳಣ್ಣ ಗಾಜು ಬೆಸೆದದ್ದು

ಮಗ ತಾನು ಮದುವೆಯಾಗಬೇಕೆಂದಿದ್ದ ಹುಡುಗಿಯನ್ನು ಮೊದಲ ಸಲ ಮನೆಗೆ ಕರೆತಂದಾಗ ತಾಯಿ ಅವಳ ಮುಖ ನೋಡಿದರು, ತಂದೆ ಅವಳ ಕೈ ನೋಡಿದರು. ಸುಮ್ಮನೆ ಕಣ್ಣು ಹಾಯಿಸಿದ್ದಲ್ಲ. ಚಹಾದ ಲೋಟ ಬದಿಗಿಟ್ಟು, "ಎಲ್ಲಿ, ಸ್ವಲ್ಪ ಕೈ ಕೊಡಮ್ಮ" ಎಂದು ಬಲಗೈಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಪರೀಕ್ಷೆ ಮಾಡಿದರು. ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದಂಥ ಚುಕ್ಕೆಗಳಿದ್ದವು. "ಗಾಜಿನ ಕೆಲಸವಾ?" ಎಂದರು. ಹುಡುಗಿ ಹೌದೆಂದಳು. ಫೋನ್ ಕಂಪನಿಯಲ್ಲಿ ಫೈಬರ್ ಎಳೆ ಬೆಸೆಯುವುದು ತನ್ನ ಕೆಲಸ, ಹೊಸಬರಿಗೆ ಕಲಿಸುವುದೂ ತಾನೇ ಎಂದಳು. ಅವರು ತಮ್ಮ ಕೈಯನ್ನು ಅವಳ ಕೈಯ ಪಕ್ಕಕ್ಕೆ ಮೇಜಿನ ಮೇಲಿಟ್ಟರು. ಬಿರಿದ ಅಂಗೈ, ಚಪ್ಪಟೆಯಾಗಿ ಅಗಲವಾದ ಹೆಬ್ಬೆರಳು, ಎಷ್ಟು ತಿಕ್ಕಿ ತೊಳೆದರೂ ಹೋಗದ ಕಪ್ಪು. "ನಾನು ತಾಮ್ರ" ಎಂದರು, ಮನೆತನದ ಹೆಸರು ಹೇಳುವವರ ಗತ್ತಿನಲ್ಲಿ.

ಅವರು ಯಾರೆಂದು ಅವಳಿಗೆ ಮೊದಲೇ ಗೊತ್ತಿತ್ತು. ಅದೇ ಕಂಪನಿಯ ಹಿಂಬದಿಯ ಶೆಡ್ಡಿನಲ್ಲಿ ತಾಮ್ರದ ಕೇಬಲ್ಲಿನ ಜಾಯಿಂಟರುಗಳು ಕೂರುತ್ತಿದ್ದರು. ಅಲ್ಲಿ ಇವರನ್ನು ಹೆಬ್ಬೆರಳಣ್ಣ ಅನ್ನದವರಿರಲಿಲ್ಲ. ನೆಲದೊಳಗಿನ ಒಂದು ಕೇಬಲ್ಲಿನಲ್ಲಿ ನೂರಾರು ಮನೆಗಳ ಮಾತು ಹೋಗುತ್ತದೆ, ಮನೆಗೊಂದು ಜೋಡಿ ತಂತಿ. ರಸ್ತೆ ಅಗೆಯುವವರು ಅದನ್ನು ಕಡಿದು ಹಾಕಿದಾಗ, ನೀರು ನುಗ್ಗಿ ಕೊಳೆತಾಗ, ಜಾಯಿಂಟರ್ ಗುಂಡಿಗಿಳಿದು ಎರಡು ಕಡೆಯ ತುದಿಗಳನ್ನು ಒಂದೊಂದಾಗಿ ಹುಡುಕಿ, ಮೇಲಿನ ಹೊದಿಕೆ ಸುಲಿದು, ತಿರುಚಿ ಸೇರಿಸಬೇಕು. ಸುಲಿಯುವಾಗ ಬ್ಲೇಡು ತಾಮ್ರಕ್ಕೆ ಕೂದಲಿನಷ್ಟು ತಾಗಿದರೂ ಸಾಕು, ಇವತ್ತು ಕೆಲಸ ಮಾಡಿ ಇನ್ನೊಂದು ದಿನ ಅಲ್ಲೇ ಮುರಿಯುತ್ತದೆ. ಆ ಗಾಯ ಕಣ್ಣಿಗೆ ಕಾಣುವುದಿಲ್ಲ. ಹೆಬ್ಬೆರಳಣ್ಣ ಮಾತ್ರ ಸುಲಿದ ಪ್ರತಿಯೊಂದು ತಂತಿಯ ಮೇಲೂ ಹೆಬ್ಬೆರಳನ್ನು ಒಮ್ಮೆ ಸವರಿ, ತಡೆಯಿಲ್ಲದೆ ಜಾರಿದರೆ ಮುಂದಕ್ಕೆ, ಎಲ್ಲಾದರೂ ತಡೆದರೆ ಕತ್ತರಿಸಿ ಮತ್ತೆ ಮೊದಲಿನಿಂದ. ನೂರಾರು ಜೋಡಿಗೆ ನೂರಾರು ಸಲ. ಜೊತೆಯವರು ಕೈ ತೊಳೆದು ಮನೆಗೆ ಹೊರಟರೂ ಇವರು ಗುಂಡಿಯಲ್ಲೇ ಇರುತ್ತಿದ್ದರು. ಅವರೆಲ್ಲ ನಗುತ್ತಿದ್ದರು, ನಗಲಿ ಬಿಡಿ, ಅವರು ಮಾಡಿದ ಜಾಯಿಂಟುಗಳು ಮತ್ತೆ ಮತ್ತೆ ಕೆಟ್ಟು ದೂರು ತರುತ್ತಿದ್ದವು, ಇವರವು ನೆಲದೊಳಗೆ ತೆಪ್ಪಗೆ ಮಲಗಿರುತ್ತಿದ್ದವು.

ಮದುವೆಯಾಗಿ ಮನೆಗೆ ಬಂದ ಮೇಲೆ ಸೊಸೆಗೆ ಅವರ ಹಳೆಯ ಕಥೆಗಳೆಲ್ಲ ಒಂದೊಂದಾಗಿ ಸಿಕ್ಕಿದವು. ಮೀಸೆ ಮೂಡುವ ವಯಸ್ಸಿನಲ್ಲಿ ಅವರು ಕಂಬ ಹತ್ತುತ್ತಿದ್ದರಂತೆ. ಆಗ ಮಾತೆಲ್ಲ ಕಂಬದಿಂದ ಕಂಬಕ್ಕೆ ಬರಿ ತಂತಿಯಲ್ಲಿ ಓಡಾಡುತ್ತಿತ್ತು. ಗಾಳಿ ಜೋರಾದರೆ ಎರಡು ತಂತಿ ತಾಗಿ ಒಬ್ಬರ ಸಂಸಾರದ ಗುಟ್ಟು ಇನ್ನೊಬ್ಬರ ಕಿವಿಗೆ ಬೀಳುತ್ತಿತ್ತು. ಕಂಬ ಹತ್ತುವುದರಲ್ಲಿ ಪಳಗಿದರು ಅನ್ನುವಷ್ಟರಲ್ಲಿ ತಂತಿಗಳೆಲ್ಲ ಇಳಿದು ನೆಲದೊಳಗೆ ಹೊಕ್ಕವು. ಕಾಗದ ಸುತ್ತಿದ ತಾಮ್ರ, ಅದರ ಮೇಲೆ ಸೀಸದ ಕವಚ. ಕಂಬದ ಮೇಲಿನ ಹುಡುಗ ಗುಂಡಿಯೊಳಗಿನ ಹುಡುಗನಾಗಿ, ಸೀಸದಜ್ಜ ಅನ್ನುವವರ ಕೈಕೆಳಗೆ ಮತ್ತೆ ಅ ಆ ಇ ಈ ತಿದ್ದಿದ.

ಸೀಸದಜ್ಜ ಎಂದರೆ ಆ ಕಾಲಕ್ಕೆ ಕೇಬಲ್ ವಿಭಾಗದ ದೊಡ್ಡ ತಲೆ. ಕರಗಿದ ಸೀಸವನ್ನು ಜಾಯಿಂಟಿನ ಮೇಲೆ ಹುಯ್ಯುತ್ತಾ, ದಪ್ಪ ಬಟ್ಟೆ ಹಿಡಿದ ಅಂಗೈಯಲ್ಲೇ ಅದನ್ನು ನುಣ್ಣಗೆ ಸವರಿ, ಒಂದು ಸೂಜಿಮೊನೆಯ ತೂತೂ ಉಳಿಯದಂತೆ ಮುಚ್ಚುತ್ತಿದ್ದರು. ಅಷ್ಟರಲ್ಲಿ ಪ್ಲಾಸ್ಟಿಕ್ ಬಂತು. ಕಾಗದ ಹೋಯಿತು, ಸೀಸ ಹೋಯಿತು, ತಂತಿಗಳಿಗೆ ಬಣ್ಣ ಬಂತು. ಹೆಬ್ಬೆರಳಣ್ಣ ಮೂರನೇ ಸಲ ಮೊದಲಿನಿಂದ ಶುರು ಮಾಡಿ, ಬಣ್ಣಗಳ ಸಾಲನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡರು. ಸೀಸದಜ್ಜ ಮಾಡಲಿಲ್ಲ. "ಪ್ಲಾಸ್ಟಿಕ್ಕಿನಲ್ಲಿ ಮಕ್ಕಳ ಆಟಿಕೆ ಮಾಡ್ತಾರೆ, ಕೇಬಲ್ ಮಾಡಲ್ಲ" ಎಂದು ಹಟ ಹಿಡಿದು ಕೂತರು. ಹಟಕ್ಕೆ ಕಂಪನಿ ಸೊಪ್ಪು ಹಾಕಲಿಲ್ಲ. ಅವರನ್ನು ಉಗ್ರಾಣದ ಬಾಗಿಲು ಕಾಯಲು ಕೂರಿಸಿತು. ಅಷ್ಟು ದೊಡ್ಡ ಕೆಲಸಗಾರ ಒಂದು ಸ್ಟೂಲಿನ ಮೇಲೆ ಕೂತು, ಒಳಗೆ ಹೋಗುವ ಹೊರಗೆ ಬರುವ ಪೆಟ್ಟಿಗೆಗಳನ್ನು ನೋಡುತ್ತಾ ಉಳಿದ ಸರ್ವಿಸ್ ಕಳೆದರು. ಹೆಬ್ಬೆರಳಣ್ಣ ದಿನಾ ಬೆಳಗ್ಗೆ ನಮಸ್ಕಾರ ಹೇಳಿದರೆ ಅಜ್ಜ ಇವರ ಮುಖ ನೋಡುತ್ತಿರಲಿಲ್ಲ, ಹೆಗಲ ಮೇಲಿನ ಸಾಮಾನಿನ ಚೀಲ ನೋಡುತ್ತಿದ್ದರಂತೆ.

"ಆ ಕಣ್ಣು ಇನ್ನೂ ಮರೆತಿಲ್ಲ ಕಣಮ್ಮ" ಎಂದು ಮಾವ ಒಂದು ಸಲ ಸೊಸೆಗೆ ಹೇಳಿದ್ದರು. "ಕೈ ಗಟ್ಟಿಯಾಗಿರುವಾಗಲೇ ಕೆಲಸ ಕಿತ್ಕೊಂಡ್ರೆ ಮನುಷ್ಯ ಹಾಗೆ ನೋಡ್ತಾನೆ."

ಈಗ ಆ ಸ್ಟೂಲು ಮಾವನಿಗೇ ಕಾದು ಕೂತಿತು. ಪಟ್ಟಣದ ತಾಮ್ರವನ್ನೆಲ್ಲ ಕಿತ್ತು ಗಾಜಿನ ಎಳೆ ಹಾಕುವುದೆಂದು ಕಂಪನಿ ತೀರ್ಮಾನ ಮಾಡಿತು. ತಾಮ್ರದ ಜಾಯಿಂಟರುಗಳು ಫೈಬರ್ ಬೆಸೆಯುವುದನ್ನು ಕಲಿತು ಪರೀಕ್ಷೆ ಪಾಸು ಮಾಡಬೇಕು. ಎರಡು ಅವಕಾಶ, ಎರಡರಲ್ಲೂ ಆಗದಿದ್ದರೆ ಉಗ್ರಾಣದ ಕಡೆ ಹೋಗಬೇಕು. ನಿವೃತ್ತಿ ಹತ್ತಿರವಿದ್ದವರು ಕೆಲವರು ಪರೀಕ್ಷೆಯ ಗೋಜೇ ಬೇಡವೆಂದು ಕೈ ತೊಳೆದುಕೊಂಡರು. ಇನ್ನು ಕೆಲವರು ಹಿಂದಿನ ಕಾಲವೇ ಚೆನ್ನಾಗಿತ್ತೆಂದು ಶೆಡ್ಡಿನಲ್ಲಿ ಕೂತು ರಾಗ ಎಳೆದರು. ಹಾಗೆ ರಾಗ ಎಳೆದವರಲ್ಲಿ ಒಬ್ಬನೂ ಹಿಂದಿನ ಕಾಲದಲ್ಲಿ ಕೆಲಸವನ್ನು ನೆಟ್ಟಗೆ ಮಾಡಿದವನಲ್ಲ ಅನ್ನುವುದು ಬೇರೆ ಮಾತು. ಹೆಬ್ಬೆರಳಣ್ಣ ಮೊದಲ ದಿನವೇ ತರಗತಿಗೆ ಹೋಗಿ ಮುಂದಿನ ಬೆಂಚಿನಲ್ಲಿ ಕೂತರು. ಕಲಿಸುವವಳು ಸೊಸೆ.

ಸೊಸೆಗೆ ಬೆವರು ಕಿತ್ತುಬಂತು. ಏನೆಂದು ಕರೆಯುವುದು, ತಪ್ಪು ಮಾಡಿದರೆ ಹೇಗೆ ಗದರುವುದು? ಆ ಪೇಚಿನಿಂದ ಅವಳನ್ನು ಪಾರು ಮಾಡಿದ್ದು ಮಾವನೇ. ಎಲ್ಲರೂ ಕೂತ ಮೇಲೆ ಎದ್ದು ನಿಂತು, "ಮೇಡಂ, ಗೇಟಿನ ಒಳಗೆ ನೀವು ಮೇಡಂ. ಗೇಟಿನ ಹೊರಗೆ ನೋಡ್ಕೊಳ್ಳೋಣ" ಎಂದರು. ತರಗತಿ ಗೊಳ್ಳೆಂದಿತು. ಅಲ್ಲಿಂದ ಅವಳ ನಾಲಿಗೆಗೆ ಧೈರ್ಯ ಬಂತು.

ಮೊದಲ ಪಾಠದಲ್ಲಿ ಅವಳು ಒಂದು ಫೈಬರ್ ಕೇಬಲ್ಲಿನ ತುದಿ ಬಿಚ್ಚಿ, ಒಳಗಿನ ಎಳೆಗಳನ್ನು ಬೀಸಣಿಗೆಯಂತೆ ಹರಡಿ ತೋರಿಸಿದಳು. ಪ್ರತಿ ಎಳೆಯೂ ಕೂದಲಿನಷ್ಟು ತೆಳು, ಮೇಲೆ ಬಣ್ಣದ ಲೇಪ. ನೀಲಿ, ಕಿತ್ತಳೆ, ಹಸಿರು, ಕಂದು, ಬೂದು ಎಂದು ಅವಳು ಶುರು ಮಾಡುವಷ್ಟರಲ್ಲಿ ಮುಂದಿನ ಬೆಂಚು ದನಿಗೂಡಿಸಿತು: "ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ!" ಮಾವನ ಕಣ್ಣು ಅರಳಿಹೋಗಿತ್ತು. "ಮೇಡಂ, ಇವು ನಮ್ಮವು! ತಾಮ್ರದ ಬಣ್ಣಗಳು!" ನಿಜವೇ. ಹೊಸ ಕೇಬಲ್ ಮಾಡಿದವರು ಬಣ್ಣದ ಸಾಲನ್ನು ಹಳೆಯದರಿಂದಲೇ ತೆಗೆದುಕೊಂಡಿದ್ದರು, ಕೊನೆಗೆ ಗುಲಾಬಿಯನ್ನೂ ಹಸಿರು ಬೆರೆತ ತಿಳಿನೀಲಿಯನ್ನೂ ಸೇರಿಸಿದ್ದರು. "ಹತ್ತು ಮನೆ ಮಕ್ಕಳು, ಎರಡು ಹೊಸದಾಗಿ ಬಂದ ಸೊಸೆಯಂದಿರು" ಎಂದರು ಮಾವ. ಸೊಸೆಗೆ ನಗು ತಡೆಯಲಾಗಲಿಲ್ಲ.

ನಗು ಅಲ್ಲಿಗೆ ಮುಗಿಯಿತು. ಗಾಜಿನ ಎಳೆ ಬೆಸೆಯುವುದಕ್ಕೆ ಒಂದು ಕ್ರಮವಿದೆ. ಬಣ್ಣದ ಲೇಪ ಸುಲಿಯಬೇಕು, ಸ್ಪಿರಿಟ್ ಹಚ್ಚಿದ ಕಾಗದಬಟ್ಟೆಯಲ್ಲಿ ಬರಿ ಗಾಜನ್ನು ಒರೆಸಬೇಕು, ಪುಟ್ಟ ಕಟ್ಟರಿನಲ್ಲಿ ತುದಿಯನ್ನು ನೇರವಾಗಿ ತುಂಡರಿಸಬೇಕು, ಎರಡು ತುದಿಗಳನ್ನು ಮಷಿನ್ನಿನಲ್ಲಿ ಎದುರುಬದುರು ಇಟ್ಟು ಮುಚ್ಚಳ ಹಾಕಬೇಕು. ಒಳಗೆ ಒಂದು ಕಿಡಿ ಹಾರಿ ಎರಡೂ ಕರಗಿ ಒಂದಾಗುತ್ತವೆ, ಬೆಳಕು ಎಷ್ಟು ಸೋರುತ್ತದೆಂದು ಪರದೆಯ ಮೇಲೆ ಅಂಕಿ ಬರುತ್ತದೆ. ಇಷ್ಟನ್ನೂ ಮಾವ ಬೇಗನೆ ಕಲಿತರು. ಆದರೆ ಒರೆಸಿದ ಮೇಲೆ ಗಾಜನ್ನು ಮುಟ್ಟಲೇಬಾರದು. ಬೆರಳಿನ ಎಣ್ಣೆಯಂಶ ಒಂಚೂರು ಅಂಟಿದರೂ ಬೆಸುಗೆ ಕೆಡುತ್ತದೆ. ಮಾವನ ಹೆಬ್ಬೆರಳಿಗೆ ಈ ಮಾತು ಹತ್ತಲೇ ಇಲ್ಲ. ಸುಲಿದದ್ದನ್ನು ಕಂಡರೆ ಅದು ತನ್ನಷ್ಟಕ್ಕೆ ತಾನೇ ಹೋಗಿ ಸವರುತ್ತಿತ್ತು. ಒರೆಸುವುದು, ಕತ್ತರಿಸುವುದು, ಇನ್ನೇನು ಮಷಿನ್ನಿಗಿಡಬೇಕು ಅನ್ನುವಾಗ ಒಮ್ಮೆ ಸವರುವುದು. ಅಂಕಿ ಕೆಂಪಾಗುವುದು. "ಮತ್ತೆ ಮುಟ್ಟಿದ್ರಿ" ಎನ್ನುವಳು ಸೊಸೆ. "ಇಲ್ವಲ್ಲ!" ಎನ್ನುವರು ಮಾವ, ಅವರು ಸುಳ್ಳು ಹೇಳುತ್ತಿರಲಿಲ್ಲ, ಮುಟ್ಟಿದ್ದು ಅವರಿಗೇ ಗೊತ್ತಾಗುತ್ತಿರಲಿಲ್ಲ. ಬೇರೆ ಯಾರಿಗೂ ಈ ರೋಗವಿರಲಿಲ್ಲ, ಯಾಕೆಂದರೆ ಬೇರೆ ಯಾರೂ ತಾಮ್ರವನ್ನು ಅಷ್ಟು ಶ್ರದ್ಧೆಯಿಂದ ಸವರಿದವರಲ್ಲ. ಅಡ್ಡಾದಿಡ್ಡಿ ಕೆಲಸ ಮಾಡಿಕೊಂಡಿದ್ದವರೆಲ್ಲ ಸಲೀಸಾಗಿ ಬೆಸೆದು ಎದ್ದುಹೋದರು. ಇದಕ್ಕಿಂತ ಅನ್ಯಾಯ ಇನ್ನೊಂದಿದೆಯೇ?

ಮೊದಲ ಪರೀಕ್ಷೆಯಲ್ಲಿ ಹನ್ನೆರಡು ಎಳೆಯಲ್ಲಿ ಐದು ಕೆಟ್ಟವು. ಸೊಸೆ ಮಾವನನ್ನು ಫೇಲು ಮಾಡಿದಳು.

ಆ ಸಂಜೆ ಮನೆಯಲ್ಲಿ ಪಾತ್ರೆಗಳು ಮಾತಾಡಿದವು. ಅತ್ತೆ ಒಂದೊಂದನ್ನೂ ಕುಕ್ಕಿ ಕುಕ್ಕಿ ಇಡುತ್ತಿದ್ದರು. ಅವರು ಬಟ್ಟೆ ಹೊಲಿದು ಕೊಡುವವರು. ಕೈಯಲ್ಲಿ ಕತ್ತರಿ ಇದ್ದರೆ ಬಾಯಿಯಲ್ಲೂ ಇರುತ್ತಿತ್ತು. "ಊರಿಗೆಲ್ಲ ಫೋನ್ ಕೊಟ್ಟ ಮನುಷ್ಯನಿಗೆ ಮನೆಯವಳೇ ಫೇಲ್ ಅಂತ ಬರೆದಳು" ಎಂದರು ಗೋಡೆಗೆ. ಬಸ್ಸು ಓಡಿಸುವ ಮಗನಿಗೆ ಸರಿಯಾಗಿ ಆಗಲೇ ಡ್ಯೂಟಿ ನೆನಪಾಗಿ ಎದ್ದು ಹೋದ. ಅವನಿಗೆ ಮನೆಯ ಜಗಳವೆಂದರೆ ಡ್ಯೂಟಿಯ ಹೊತ್ತು. ಸೊಸೆ ತಟ್ಟೆಯ ಮುಂದೆ ಅನ್ನ ಮುಟ್ಟದೆ ಕೂತಳು. ತಾನು ಮಾಡಿದ್ದು ಸರಿ ಎಂದು ಗೊತ್ತಿದ್ದೂ, ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಗಿತ್ತು.

ಮಾವ ಕೈ ತೊಳೆದು ಬಂದು ಕೂತರು. "ಏನೇ ಅದು ಗಲಾಟೆ?" ಎಂದು ಹೆಂಡತಿಯನ್ನು ಕೇಳಿದರು. "ಐದು ಮನೆ ಫೋನ್ ಕೆಡಿಸಿದವನನ್ನ ಪಾಸ್ ಮಾಡು ಅಂತೀಯಾ? ನೀನು ತೋಳು ಗಿಡ್ಡ ಹೊಲಿದ ಅಂಗಿಯನ್ನ ಗಿರಾಕಿ ಸುಮ್ಮನೆ ಹಾಕ್ಕೊಂಡು ಹೋಗ್ತಾನಾ?" ಅತ್ತೆ, "ನಾನು ಯಾವತ್ತು ಗಿಡ್ಡ ಹೊಲಿದಿದ್ದೀನಿ?" ಎಂದು ಬೇರೆಯದೇ ಜಗಳಕ್ಕೆ ಇಳಿದರು. ಆ ಗದ್ದಲದಲ್ಲಿ ಸೊಸೆ ಮೆಲ್ಲಗೆ ಊಟ ಮುಗಿಸಿದಳು.

ಮಾರನೆಯ ದಿನದಿಂದ ಊಟದ ಮೇಜು ಮಾವನ ಗುಂಡಿಯಾಯಿತು. ಬಿಸಾಡಿದ ಫೈಬರ್ ತುಂಡುಗಳನ್ನೂ ಒಂದು ಹಳೆಯ ಕಟ್ಟರನ್ನೂ ಅನುಮತಿ ಕೇಳಿ ತಂದು, ಮೇಜಿನ ಮೇಲೆ ಕರಿ ಬಟ್ಟೆ ಹಾಸಿ, ಗಾಜಿನ ಚೂರುಗಳನ್ನು ಬಾಟಲಿಗೆ ತುಂಬುತ್ತಾ ಅಭ್ಯಾಸ ಮಾಡಿದರು. ಒಂದು ಚೂರು ಹೆಬ್ಬೆರಳಿಗೇ ಹೊಕ್ಕಿತು. ಅತ್ತೆ ಕನ್ನಡಕದ ಮೇಲೆ ಭೂತಕನ್ನಡಿ ಹಿಡಿದು ಚಿಮಟದಲ್ಲಿ ಅದನ್ನು ಕಿತ್ತು, "ಈ ಬೆರಳಿಗೆ ಇನ್ನೂ ಬುದ್ಧಿ ಬಂದಿಲ್ಲ" ಎಂದು ಅದಕ್ಕೊಂದು ಬಟ್ಟೆಯ ಟೋಪಿ ಹೊಲಿದು ಹಾಕಿದರು. ಟೋಪಿಯೇನೋ ಚೆಂದವಿತ್ತು, ಆದರೆ ಅದರ ನೂಲಿನ ಜುಂಗು ಗಾಜಿಗೆ ಅಂಟಿ ಬೆಸುಗೆ ಇನ್ನಷ್ಟು ಹಾಳಾಯಿತು. ಬ್ಯಾಂಡೇಜು ಸುತ್ತಿದರು, ಅದರೊಳಗಿಂದಲೂ ಬೆರಳು ಸವರಲು ಹೋಯಿತು.

ಸೊಸೆ ಎರಡು ಮೂರು ಸಂಜೆ ಇದನ್ನೆಲ್ಲ ನೋಡಿ, ಕೊನೆಗೆ ಎದುರಿಗೆ ಬಂದು ಕೂತಳು. "ಮಾವ, ನೀವು ಸವರೋದು ಯಾಕೆ? ಸರಿಯಾಗಿದೆಯಾ ಅಂತ ಕೇಳೋದಕ್ಕೆ ತಾನೇ?"

"ಮತ್ತೆ? ಕೇಳದೆ ಹೇಗೆ ಜೋಡಿಸೋದು?"

"ಬೆರಳನ್ನ ಕೇಳಬೇಡಿ. ಕಿವಿಯನ್ನ ಕೇಳಿ." ಅವಳು ಒಂದು ಎಳೆ ಸುಲಿದು, ಸ್ಪಿರಿಟ್ ಬಟ್ಟೆಯಲ್ಲಿ ಎರಡು ಸಲ ಎಳೆದಳು. ಮೂರನೇ ಸಲಕ್ಕೆ ಅದು ಕೀಚ್ ಎಂದಿತು, ಚೆನ್ನಾಗಿ ತೊಳೆದ ಲೋಟದ ಮೇಲೆ ಬೆರಳು ಎಳೆದ ಹಾಗೆ. "ಸದ್ದು ಬಂತು ಅಂದ್ರೆ ಗಾಜು ಶುದ್ಧವಾಯ್ತು ಅಂತ. ಆಮೇಲೆ ಇನ್ನೇನೂ ಕೇಳೋ ಹಾಗಿಲ್ಲ. ನಂಬಬೇಕು."

ಮಾವ ಬಹಳ ಹೊತ್ತು ಅದನ್ನೇ ಮಾಡಿದರು. ಕೀಚ್, ಕೀಚ್. ಹೊಲಿಗೆ ಮಷಿನ್ ನಿಲ್ಲಿಸಬೇಕೆಂದು ಅಪ್ಪಣೆಯಾಯಿತು, ರೇಡಿಯೋ ಬಾಯಿ ಮುಚ್ಚಿತು. "ಈ ಮನೆಯಲ್ಲಿ ಕೆಮ್ಮೋದಕ್ಕೂ ಚೀಟಿ ತಗೋಬೇಕು" ಎಂದು ಅತ್ತೆ ಗೊಣಗಿದರು, ಆದರೆ ನಿಲ್ಲಿಸಿದರು. ಮಾವನಿಗೆ ಕಿವಿಯ ಕೆಲಸ ಹೊಸದಲ್ಲ; ಗುಂಡಿಯಲ್ಲಿ ಟೆಸ್ಟ್ ಫೋನು ಕಿವಿಗಿಟ್ಟು ಯಾವ ಜೋಡಿಯಲ್ಲಿ ಜೀವವಿದೆ ಎಂದು ಎಷ್ಟು ಸಲ ಕೇಳಿರಲಿಲ್ಲ? ಮೆಲ್ಲಮೆಲ್ಲಗೆ ಹೆಬ್ಬೆರಳು ಸುಮ್ಮನಾಗತೊಡಗಿತು. ಸದ್ದು ಬಂದ ಕೂಡಲೇ ಅದನ್ನು ಮೇಜಿನ ಅಂಚಿಗೆ ಒತ್ತಿ ಹಿಡಿಯುವುದನ್ನು ರೂಢಿ ಮಾಡಿಕೊಂಡರು.

ಎರಡನೇ ಪರೀಕ್ಷೆಗೆ ಮುಂಚೆ ಮಾರುಕಟ್ಟೆ ರಸ್ತೆಯ ತಾಮ್ರ ಕೀಳುವ ಕೆಲಸ ಬಂತು. ಅಲ್ಲಿ ಸೊಸೆ ಮಾವನನ್ನು ನಿಜವಾಗಿ ನೋಡಿದಳು. ಹಳೆಯ ಕೇಬಲ್ಲನ್ನು ಕೊಳವೆಯಿಂದ ಸುಮ್ಮನೆ ಎಳೆದು ಬಿಸಾಡುವುದಿಲ್ಲ; ಅದರ ಬಾಲಕ್ಕೆ ಹೊಸ ಕೇಬಲ್ಲಿನ ತಲೆ ಕಟ್ಟುತ್ತಾರೆ, ಹಳೆಯದು ಆ ಗುಂಡಿಯಿಂದ ಹೊರಗೆ ಬರುತ್ತಾ ಹೊಸದನ್ನು ಈ ಗುಂಡಿಯಿಂದ ಒಳಗೆ ಎಳೆದುಕೊಳ್ಳುತ್ತದೆ. ಮೊದಲು ನಡುವಿನ ಜಾಯಿಂಟನ್ನು ಕತ್ತರಿಸಿ ತೆಗೆಯಬೇಕು. ಮಾವ ಗುಂಡಿಗಿಳಿದು ಮಣ್ಣು ಒರೆಸಿದರೆ ಕಂಡದ್ದು ಸೀಸದ ಜಾಯಿಂಟು. ಎಲ್ಲೂ ಒಂದು ಗಂಟಿಲ್ಲ, ಗೆರೆಯಿಲ್ಲ. ಸೀಸದಜ್ಜನ ಕೈಕೆಲಸ, ಇವರೇ ದೀಪ ಹಿಡಿದು ಪಕ್ಕದಲ್ಲಿ ನಿಂತಿದ್ದಾಗ ಮಾಡಿದ್ದು. ಮೇಲೆ ನಿಂತಿದ್ದ ಸೊಸೆ, ಇನ್ನು ಮಾವ ಕಣ್ಣೀರು ಹಾಕುತ್ತಾರೆ ಎಂದುಕೊಂಡಳು. ಅವರು ಅದರ ಮೇಲೆ ಒಮ್ಮೆ ಅಂಗೈ ಇಟ್ಟು, "ಅಜ್ಜ ಎಷ್ಟು ಚೆನ್ನಾಗಿ ಮಾಡಿದ್ದಾನೆ ನೋಡಿ ಮೇಡಂ. ಒಂದು ಹನಿ ನೀರು ಹೊಕ್ಕಿಲ್ಲ" ಎಂದರು. ಆಮೇಲೆ ಗರಗಸ ಕೇಳಿ ತೆಗೆದುಕೊಂಡು ಎರಡು ಕಡೆಯೂ ಕೊಯ್ದರು, ಹೊಸ ಕೇಬಲ್ಲನ್ನು ಹಳೆಯದರ ಬಾಲಕ್ಕೆ ಬಿಗಿಯಾಗಿ ಕಟ್ಟಿದರು, "ಎಳೀರಿ" ಎಂದು ಕೂಗಿದರು. ಕೇಬಲ್ ಸರಸರನೆ ಒಳಗೆ ಹೋಗುವಾಗ ಅವರ ಮುಖದಲ್ಲಿ ಇದ್ದದ್ದು ಶುದ್ಧ ಖುಷಿ. ಈ ಮನುಷ್ಯ ತಾಮ್ರವನ್ನು ಪ್ರೀತಿಸಿದ್ದಲ್ಲ, ಆ ತುದಿಯವರ ಮಾತು ಈ ತುದಿಗೆ ಮುಟ್ಟುವುದನ್ನು ಪ್ರೀತಿಸಿದ್ದು ಎಂದು ಸೊಸೆಗೆ ಆಗ ಹೊಳೆಯಿತು. ಇಂಥವರನ್ನು ಸ್ಟೂಲಿನ ಮೇಲೆ ಕೂರಿಸುವುದುಂಟೇ ಎಂದುಕೊಂಡಳು.

ಪರೀಕ್ಷೆಯ ದಿನ ಮಾವ, ಸೊಸೆ ಅಲ್ಲದೆ ಮೇಲ್ವಿಚಾರಕರೂ ಬಂದು ಕೂತರು. ಮಾವನಿಗೆ ಸೊಸೆ ಪರೀಕ್ಷೆ ಮಾಡಿದಳೆಂದು ನಾಳೆ ಯಾರೂ ಬಾಯಿಗೆ ಬಂದ ಹಾಗೆ ಆಡಬಾರದಲ್ಲ. ಒಳ್ಳೆಯ ಮನುಷ್ಯ, ಪರದೆಯ ಅಂಕಿ ನೋಡಿ ಬರೆದುಕೊಳ್ಳುವುದು ಅವರ ಕೆಲಸ, ಕೈಗಳನ್ನು ನೋಡುವುದು ಸೊಸೆಯ ಕೆಲಸ. ಹನ್ನೆರಡರಲ್ಲಿ ಒಂದು ಕೆಟ್ಟರೂ ಪಾಸಿಲ್ಲ. ಪ್ರತಿ ಎಳೆಗೂ ತಪ್ಪು ತಿದ್ದಿಕೊಳ್ಳಲು ಎರಡು ಸಲಕ್ಕಾಗುವಷ್ಟು ಹೆಚ್ಚಿನ ಉದ್ದ ಬಿಟ್ಟಿರುತ್ತಾರೆ. ಅದು ಮುಗಿದರೆ ಮುಗಿಯಿತು.

ನೀಲಿ ಕೀಚ್ ಎಂದಿತು, ಕಿತ್ತಳೆ ಕೀಚ್ ಎಂದಿತು. ಹಸಿರು, ಕಂದು. ಒಂದೊಂದಾಗಿ ಅಂಕಿ ಚೆನ್ನಾಗಿಯೇ ಬಂತು. ಬೂದು ಎಳೆಯ ತುದಿ ಕಟ್ಟರಿನಲ್ಲಿ ಓರೆಯಾಗಿ ತುಂಡಾಗಿ, ಮಷಿನ್ನು ತಿರಸ್ಕರಿಸಿತು. ಒಂದು ಉದ್ದ ಹೋಯಿತು. ಮಾವ ಮತ್ತೆ ಸುಲಿಯುವಷ್ಟರಲ್ಲಿ ಕರೆಂಟು ಹೋಗಿ, ಕಿಟಕಿಯ ಹೊರಗಿನ ಜನರೇಟರ್ ಧಡಧಡನೆ ಶುರುವಾಯಿತು. ಮಾವ ಒರೆಸಿದರು. ಏನೂ ಕೇಳಿಸಲಿಲ್ಲ. ಮತ್ತೆ ಒರೆಸಿದರು. ಕಿವಿ ಉತ್ತರ ಕೊಡದಿದ್ದಾಗ ಹಳೆಯ ನಂಬಿಕಸ್ಥ ಎದ್ದು ಬಂದ. ಕತ್ತರಿಸಿದ ತುದಿಯ ಮೇಲೆ ಹೆಬ್ಬೆರಳು ಒಮ್ಮೆ, ಕಣ್ಣು ಮಿಟುಕಿಸುವಷ್ಟರಲ್ಲಿ, ಜಾರಿ ಹೋಯಿತು.

ಸೊಸೆ ಅದನ್ನು ನೋಡಿದಳು. ಎಳೆ ಮಷಿನ್ನಿಗೆ ಹೋಯಿತು, ಕಿಡಿ ಹಾರಿತು. ಅಂಕಿ ಬಂತು, ಹಸಿರು ಬಣ್ಣದಲ್ಲಿ. ಪಾಸು! "ಚೆನ್ನಾಗಿದೆ, ಮುಂದಿನದು" ಎಂದರು ಮೇಲ್ವಿಚಾರಕರು, ಬರೆದುಕೊಳ್ಳುತ್ತಾ.

ಇದೂ ಆಗುವುದುಂಟು. ಮುಟ್ಟಿದ ಗಾಜು ಕೆಲವು ಸಲ ಮಷಿನ್ನಿನ ಕಣ್ಣು ತಪ್ಪಿಸುತ್ತದೆ. ಬೆಳಕು ಸೋರುವುದಿಲ್ಲ, ಆದರೆ ಬೆಸುಗೆಗೆ ಬಲವಿರುವುದಿಲ್ಲ. ಕೆಲವು ತಿಂಗಳಾದ ಮೇಲೆ ಒಂದು ದಿನ ತಾನಾಗಿ ಮುರಿಯುತ್ತದೆ, ಯಾರೋ ಯಾರೊಂದಿಗೋ ಮಾತಾಡುತ್ತಿರುವಾಗ. ಈ ಪಾಠವನ್ನು ಸೊಸೆ ಪ್ರತಿ ತರಗತಿಯಲ್ಲೂ ಹೇಳುತ್ತಿದ್ದಳು. ಈಗ ಅವಳು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಇದು ಪರೀಕ್ಷೆಯ ಎಳೆ, ಯಾರ ಮನೆಯದ್ದೂ ಅಲ್ಲ ಎಂದುಕೊಂಡಳು. ಒಂದೇ ಒಂದು ಅಲ್ಲವೇ ಎಂದುಕೊಂಡಳು. ಉಗ್ರಾಣದ ಬಾಗಿಲಲ್ಲಿ ಇವರು ಕೂತಿರುವುದನ್ನು ಕಣ್ಣೆದುರು ಕಂಡಳು, ದಿನಾ ಅದೇ ಬಾಗಿಲಿಂದ ತಾನು ಸಾಮಾನಿನ ಚೀಲ ಹೊತ್ತು ಹೋಗುವುದನ್ನೂ.

ಮಾವ ಮುಂದಿನ ಎಳೆಗೆ ಕೈ ಹಾಕಲಿಲ್ಲ. ತಲೆಯೆತ್ತಿ ಒಮ್ಮೆ ಅವಳ ಕಡೆ ನೋಡಿದರು. ಆಮೇಲೆ ಕತ್ತರಿ ತೆಗೆದುಕೊಂಡರು.

"ಸರ್, ಇದನ್ನ ತೆಗೀತೀನಿ."

"ಯಾಕ್ರೀ? ಚೆನ್ನಾಗೇ ಬಂದಿದೆಯಲ್ಲ!"

"ಬೆರಳು ತಾಗಿತು."

"ನಾನಂತೂ ನೋಡಲಿಲ್ಲ. ಮಷಿನ್ನೂ ಸರಿ ಅಂತಿದೆ. ನಿಮ್ಮ ಹತ್ರ ಇರೋದು ಒಂದೇ ಉದ್ದ, ಗೊತ್ತಲ್ಲ? ಅದೂ ಕೆಟ್ಟರೆ ನಾನೇನೂ ಮಾಡೋಕಾಗಲ್ಲ."

"ಗೊತ್ತು ಸರ್" ಎಂದರು ಮಾವ. ಕತ್ತರಿ ಆಡಿಸಿದರು. ಹಸಿರು ಅಂಕಿಯ ಆ ಬೆಸುಗೆ ಎರಡು ತುಂಡಾಗಿ ಬಾಟಲಿಗೆ ಬಿತ್ತು.

ಉಳಿದಿದ್ದು ಗೇಣುದ್ದ. ಜನರೇಟರ್ ನಿಲ್ಲಿಸಿ ಎಂದು ಅವರು ಕೇಳಲಿಲ್ಲ. ರಸ್ತೆಯಲ್ಲಿ ಯಾವ ಗದ್ದಲ ನಿಲ್ಲುತ್ತದೆ? ಎಳೆ ಸುಲಿದು, ಬಟ್ಟೆಯಲ್ಲಿ ಹಿಡಿದು, ಮುದುಕರು ದೂರದ ಮಾತು ಆಲಿಸಲು ಬಗ್ಗುವ ಹಾಗೆ ಬಗ್ಗಿ, ಕಿವಿಯನ್ನು ಬಟ್ಟೆಗೆ ತಾಗುವಷ್ಟು ಹತ್ತಿರ ತಂದರು. ಎಳೆದರು. ಇನ್ನೊಮ್ಮೆ ಎಳೆದರು. ಮೂರನೇ ಸಲ ಅವರ ಹುಬ್ಬು ಸಡಿಲವಾಯಿತು. ಕತ್ತರಿಸಿ, ಹೆಬ್ಬೆರಳನ್ನು ಮೇಜಿನ ಅಂಚಿಗೆ ಉಗುರು ಬೆಳ್ಳಗಾಗುವಂತೆ ಒತ್ತಿ ಹಿಡಿದು, ಉಳಿದ ಬೆರಳುಗಳಲ್ಲೇ ಎಳೆಯನ್ನು ಮಷಿನ್ನಿಗಿಟ್ಟರು. ಅಂಕಿ ಬಂತು. ಚೆನ್ನಾಗಿತ್ತು. ಉಳಿದ ಏಳು ಎಳೆಗಳೂ ಚೆನ್ನಾಗಿ ಬಂದವು. ಮೇಲ್ವಿಚಾರಕರು ಕೈ ಕುಲುಕಿ, "ಇಷ್ಟು ಹೆದರಿಸಬಾರದು ಕಣ್ರೀ" ಎಂದು ಹೋದರು.

ಮನೆಗೆ ಹೊರಟಾಗ ಕಂಪನಿಯ ವ್ಯಾನು ಸೊಸೆಯ ಕೈಯಲ್ಲಿತ್ತು, ಮಾವ ಪಕ್ಕದಲ್ಲಿ. ಗೇಟು ದಾಟಿದ ಮೇಲೆ ಅವಳೇ ಬಾಯಿ ಬಿಟ್ಟಳು. "ನಾನು ನೋಡಿದ್ದೆ ಮಾವ. ಬೆರಳು ತಾಗಿದ್ದನ್ನ."

"ಗೊತ್ತು."

"ನೀವು ಕತ್ತರಿಸದೇ ಇದ್ದಿದ್ರೆ ನಾನು ಹೇಳ್ತಾ ಇರಲಿಲ್ಲ."

"ಅದೂ ಗೊತ್ತು ಕಣಮ್ಮ. ತಲೆ ಎತ್ತಿ ನಿನ್ನ ಮುಖ ನೋಡಿದ್ನಲ್ಲ" ಎಂದರು ಮಾವ. "ಮೊದಲನೇ ಸಲ ಫೇಲ್ ಮಾಡಿದಾಗ ನೀನು ಹೇಗೆ ಊಟ ಮಾಡದೆ ಕೂತಿದ್ದೆ ಅಂತ ನೋಡಿದ್ದೀನಿ. ಇವತ್ತು ನೀನು ಸುಮ್ಮನಿದ್ದು ಪಾಸ್ ಮಾಡಿದ್ರೆ ಜೀವಮಾನವೆಲ್ಲ ಹಾಗೇ ಕೂತ್ಕೊಳ್ತಿದ್ದೆ. ನಾಳೆ ಬರೋ ಮಕ್ಕಳಿಗೆ ಮುಟ್ಟಬೇಡಿ ಅಂತ ಯಾವ ಬಾಯಲ್ಲಿ ಹೇಳ್ತಿದ್ದೆ? ನಾನು ಸ್ಟೂಲಿನ ಮೇಲೆ ಕೂತ್ರೂ ಬದುಕ್ತಿದ್ದೆ. ನಿನ್ನ ಕೆಲಸ ನಾನು ಕೆಡಿಸಬಾರದಲ್ಲ. ಅದಕ್ಕೇ ಕತ್ತರಿಸಿದ್ದು."

ಸೊಸೆ ವ್ಯಾನನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದಳು. ಎದುರಿನ ರಸ್ತೆ ಅವಳಿಗೆ ಕಾಣಿಸುತ್ತಿರಲಿಲ್ಲ.